ಮೈನ್ಸ್ ಲಾರಿ ಲೆಕ್ಕ – ಭಾಗ 3: ಟ್ರಿಪ್ಪಿಗೆ ಇಷ್ಟು

2011ರ ಜುಲೈ 29. ನಾವೆಲ್ಲ ಆಗ ಒಂದನೇ ಕ್ಲಾಸಿನ ಆಸುಪಾಸು. ಅವತ್ತು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಈ ಕಥೆ ಬಂದರೆ ಎಲ್ಲರೂ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ, ಯಡಿಯೂರಪ್ಪ ರಾಜೀನಾಮೆ ಅಂತಾರೆ. ಅದು ನಿಮಗೂ ಗೊತ್ತೈತಿ. ನಾನು ಲಾರಿಗಳ ಬಗ್ಗೆ ಹೇಳ್ತೀನಿ, ಕೇಳ್ರಿ.

2003ರ ನಂತರ ಚೀನಾಕ್ಕೆ ಅದಿರು ಬೇಕಾಯ್ತು, ರೇಟು ಏರಿತು. ಸಂಡೂರು, ಹೊಸಪೇಟೆ ರಸ್ತೆ ತುಂಬಾ ಕೆಂಧೂಳು, ಸಾಲುಸಾಲು ಲಾರಿ. ನಮ್ಮ ಗಣಿಗಳು ಗುಡ್ಡದ ಮೇಲಿವೆ ನೋಡ್ರಿ. ಅಂದ್ರೆ ಲಾರಿ ಹತ್ತುವಾಗ ಖಾಲಿ, ಇಳಿಯುವಾಗ ಫುಲ್ ಲೋಡು. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಅದು ಕಾದು ಹಿಡಿತ ಬಿಡುತ್ತದೆ. ಅದಕ್ಕೇ ಸಣ್ಣ ಗೇರಿನಲ್ಲಿ ನಿಧಾನ ಇಳಿಯಬೇಕು. ಹತ್ತು ಚಕ್ರದ ಲಾರಿ ಆಗ ಲಾರಿ ತೂಕವೂ ಸೇರಿ 25 ಟನ್ ಮೀರುವಂತಿರಲಿಲ್ಲ, ಅಂದ್ರೆ ಮಾಲು ಸುಮಾರು 16 ಟನ್. ಅದನ್ನ ಮೀರಿ ತುಂಬುತ್ತಿದ್ದರು ಅನ್ನೋದು ಲೋಕಾಯುಕ್ತ ವರದಿಯಲ್ಲೇ ಐತಿ.

ಇಲ್ಲಿ ನಮ್ಮ ಕಾಮರ್ಸ್ ಬುದ್ಧಿ ಉಪಯೋಗಕ್ಕೆ ಬರ್ತದೆ. ಮಾಲೀಕನಿಗೆ ಬಾಡಿಗೆ ಟನ್ನಿಗೆ ಇಷ್ಟು, ಡ್ರೈವರಿಗೆ ಟ್ರಿಪ್ಪಿಗೆ ಇಷ್ಟು. ಬ್ಯಾಂಕಿನ ಕಂತು ಮಾತ್ರ ತಿಂಗಳಿಗೆ ಇಷ್ಟು, ಅದು ಫಿಕ್ಸೆಡ್ ಕಾಸ್ಟ್! ಹಾಗಾಗಿ ಹೆಚ್ಚು ತುಂಬು, ಜೋರು ಓಡಿಸು, ನಿದ್ದೆ ಬಿಡು. ಬ್ರೇಕ್ ರಿಪೇರಿಗೆ ಲಾರಿ ನಿಲ್ಲಿಸಿದರೆ ಆ ದಿನದ ದುಡಿಮೆ ಹೋಯ್ತು. ಆಕ್ಸಿಡೆಂಟ್ ಆದಾಗ ಡ್ರೈವರನ್ನ ಬೈಯೋದು ಸುಲಭ. ನನ್ನ ಪ್ರಕಾರ ತಪ್ಪು ಆ ರೇಟಿನ ಲೆಕ್ಕದಲ್ಲೇ ಇತ್ತು.

ಕಾನೂನು ಇರಲಿಲ್ಲವಾ? ಇತ್ತು. ಗಣಿ ಕಾಯ್ದೆ 1952ರದ್ದು, ಲೋಹ ಗಣಿಗಳ ನಿಯಮಾವಳಿ 1961ರದ್ದು. ಗಣಿಯೊಳಗೆ ಎತ್ತರದ ರಸ್ತೆ ಇದ್ದರೆ ವಾಹನ ಉರುಳದಂತೆ ಅಂಚಿಗೆ ಗಟ್ಟಿ ಒಡ್ಡು ಹಾಕಲೇಬೇಕು. ಡಂಪರಿನ ಸುತ್ತ ಡ್ರೈವರಿಗೆ ಕಾಣದ ಜಾಗ ಎಷ್ಟಿರ್ತದೆ ಅಂದ್ರೆ, ಪಕ್ಕದಲ್ಲಿ ಜೀಪು ನಿಂತರೂ ಗೊತ್ತಾಗಲ್ಲ. ಹಾಗಾಗಿ ರಿವರ್ಸ್ ಹಾರ್ನ್ ಬೇಕು, ಸನ್ನೆ ಮಾಡೋಕೆ ಒಬ್ಬ ಆಳು ಬೇಕು. ಧೂಳಿಗೆ ನೀರು ಹೊಡೀಬೇಕು, ಅದೂ ಹದವಾಗಿ, ಇಲ್ಲಾಂದ್ರೆ ಚಕ್ರ ಜಾರುತ್ತೆ. ಹೊರಗಿನ ರಸ್ತೆಗೂ ರೂಲ್ಸ್ ಇತ್ತು: ಓವರ್‌ಲೋಡಿಗೆ ದಂಡ ಕಟ್ಟಿಸಿಕೊಂಡು ಬಿಟ್ಟರೆ ಸಾಲದು, ಹೆಚ್ಚಿನ ಮಾಲು ಇಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿತ್ತು. ಕೇಳಿದವರು ಯಾರು?

ಗಣಿ ನಿಂತಾಗ ಲಾರಿಗಳೂ ನಿಂತವು. ಕಂತು ಕಟ್ಟಲಾಗದೆ ಎಷ್ಟೋ ಮನೆ ಒದ್ದಾಡಿದವು. 2013ರ ಏಪ್ರಿಲ್ 18ರ ತೀರ್ಪಿನ ನಂತರ ಗಣಿಗಳು ಮಿತಿಯೊಳಗೆ ಮತ್ತೆ ಶುರುವಾದವು, ಮೂರು ಜಿಲ್ಲೆ ಸೇರಿ ವರ್ಷಕ್ಕೆ 3 ಕೋಟಿ ಟನ್. ವೇಬ್ರಿಡ್ಜ್, ಆನ್‌ಲೈನ್ ಪರ್ಮಿಟ್ ಬಂತು. ಆಮೇಲೆ 2018ರಲ್ಲಿ ಕೇಂದ್ರ ಸರ್ಕಾರವೇ ಆ 25 ಟನ್ನನ್ನು 28.5ಕ್ಕೆ ಏರಿಸಿತು!

ಲಾರಿಯೇ ಇಲ್ಲದೆ ಅದಿರು ಸಾಗಿಸಬಹುದಿತ್ತಾ? ಕುದುರೆಮುಖದಲ್ಲಿ ಅದನ್ನ ನೀರಿಗೆ ಕಲಸಿ ಪೈಪಿನಲ್ಲೇ ಮಂಗಳೂರಿಗೆ ಕಳಿಸ್ತಿದ್ದರು, 67 ಕಿಲೋಮೀಟರ್. ಅದು ಭಾಗ 4ರಲ್ಲಿ. ಅಷ್ಟರೊಳಗೆ, ನಿಮ್ಮ ಮನೇಲಿ ಆಗ ಲಾರಿ ಇತ್ತಾ? ದೊಡ್ಡವರನ್ನ ಕೇಳಿ ಕಾಮೆಂಟಲ್ಲಿ ಬರೀರಿ: ಟ್ರಿಪ್ಪಿಗೆ ಎಷ್ಟು ಕೊಡ್ತಿದ್ದರು?