ಸರ್ಪಗಂಧದ ಬೇರು, ಖಿನ್ನತೆಯ ಜಾಡು

ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ ಸರ್ಪಗಂಧ ಮೊಣಕಾಲೆತ್ತರದ ಗಿಡ. ಬೇರು ಕಡುಕಹಿ. ಹಾವು ಕಚ್ಚಿದವರಿಗೂ ಹುಚ್ಚು ಕೆರಳಿದವರಿಗೂ ನಾಟಿ ವೈದ್ಯರು ಅದನ್ನೇ ತೇಯ್ದು ಕೊಡುತ್ತಿದ್ದರು. ಖಿನ್ನತೆಯ ಮೂಲವನ್ನು ಮಿದುಳಿನಲ್ಲಿ ಹುಡುಕಿದವರ ಕತೆಯಲ್ಲಿ ಈ ಬೇರಿಗೆ ದೊಡ್ಡ ಪಾತ್ರವಿದೆ.

1931ರಲ್ಲಿ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದರಿಂದ ಉನ್ಮಾದದ ಜೊತೆಗೆ ರಕ್ತದೊತ್ತಡವೂ ತಗ್ಗುತ್ತದೆಂದು ಬರೆದರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ ಅನುಭವವನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದವರ ಕಣ್ಣು ಇತ್ತ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರೆಸರ್ಪಿನ್ ತೆಗೆದರು. ಬಿಪಿ ಇಳಿಯಿತು, ಆದರೆ ಮಾತ್ರೆ ನುಂಗಿದವರಲ್ಲಿ ಕೆಲವರು ಮಂಕಾಗಿ ಕುಳಿತರೆಂಬ ವರದಿಗಳೂ ಬಂದವು. 1955ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರೋಡಿಯ ತಂಡ ಮೊಲಗಳಿಗೆ ಅದನ್ನು ಕೊಟ್ಟು ನೋಡಿದಾಗ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಬಹುಪಾಲು ಬರಿದಾಗಿತ್ತು.

ಅತ್ತ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯಕ್ಕೆಂದು ಇಪ್ರೊನಿಯಾಜಿಡ್ ಪಡೆದವರು ಹಾಸಿಗೆ ಬಿಟ್ಟೆದ್ದು ವಾರ್ಡಿನಲ್ಲೇ ಕುಣಿದಿದ್ದರು. ಸೆರೊಟೋನಿನ್‌ನಂಥ ರಾಸಾಯನಿಕಗಳನ್ನು ಒಡೆಯುವ ಕಿಣ್ವವನ್ನೇ ಈ ಔಷಧಿ ತಡೆಯುತ್ತಿತ್ತು. ಒಂದು ಬರಿದು ಮಾಡಿದರೆ ಬೇಸರ, ಇನ್ನೊಂದು ಉಳಿಸಿದರೆ ಉಲ್ಲಾಸ! ಲೆಕ್ಕ ಸರಿಹೋಯಿತು ಎನಿಸಿತು.

ಅಷ್ಟು ಸುಲಭವಿರಲಿಲ್ಲ. ಅದೇ 1955ರಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಡೇವಿಸ್ ಮತ್ತು ಶೆಪರ್ಡ್, ಆತಂಕ-ಖಿನ್ನತೆಯಿಂದ ಬಳಲುವವರಿಗೆ ರೆಸರ್ಪಿನ್ನನ್ನೇ ಕೊಟ್ಟು, ಅವರು ಚೇತರಿಸಿಕೊಂಡದ್ದನ್ನು ಕಂಡಿದ್ದರು. ಸಿದ್ಧಾಂತಕ್ಕೆ ಒಗ್ಗದ ಆ ವರದಿಯನ್ನು ಹೆಚ್ಚಿನವರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಖಿನ್ನತೆಗೆಂದು ಮುಂದೆ ಬಂದ ಮಾತ್ರೆಗಳೂ ಒಗಟು ಬಿಡಿಸಲಿಲ್ಲ: ಸೆರೊಟೋನಿನ್ ಗಂಟೆಗಳಲ್ಲೇ ಏರುತ್ತದೆ, ಮನಸ್ಸು ಹಗುರಾಗಲು ವಾರಗಳೇ ಬೇಕು. ಮಾತ್ರೆಯಿಂದ ಹಲವರಿಗೆ ಗುಣವಾಗುವುದು ನಿಜ. ಅಷ್ಟಕ್ಕೇ ಸೆರೊಟೋನಿನ್ ಕೊರತೆಯೇ ರೋಗದ ಕಾರಣ ಎನ್ನಲಾಗದು. ಹಾಗೆಂದರೆ, ಪ್ಯಾರಾಸಿಟಮಾಲ್ ಕೊರತೆಯಿಂದಲೇ ಜ್ವರ ಬರುತ್ತದೆ ಎಂದಂತೆ.

ಮಾಡ್ಸ್ಲಿ ಇರುವ ಕ್ಯಾಂಬರ್‌ವೆಲ್‌ನಲ್ಲೇ ಸಂಶೋಧಕರಾದ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಬೇರೆ ಜಾಡು ಹಿಡಿದರು. ಮಿದುಳಿನ ಬದಲು 458 ಹೆಂಗಸರ ಬದುಕನ್ನು ಕೇಳಿ ತಿಳಿದು, 1978ರಲ್ಲಿ ಪುಸ್ತಕ ಮಾಡಿದರು. ಖಿನ್ನತೆಗೆ ಬಿದ್ದ ಬಹುತೇಕರಿಗೆ ಅದಕ್ಕೆ ಮುಂಚೆ ದೊಡ್ಡ ಪೆಟ್ಟೋ ಮುಗಿಯದ ತಾಪತ್ರಯವೋ ಇತ್ತು. ಪೆಟ್ಟು ತಿಂದವರೆಲ್ಲ ಕುಸಿಯಲಿಲ್ಲ. ಹನ್ನೊಂದು ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವರು, ಮನೆ ತುಂಬ ಚಿಕ್ಕ ಮಕ್ಕಳಿದ್ದವರು, ಹೊರಗೆ ದುಡಿಮೆಯಿಲ್ಲದವರು, ಗಂಡನೊಡನೆಯೂ ಮನಬಿಚ್ಚಿ ಮಾತಾಡಲಾಗದವರು ಬೇಗ ಸೋತಿದ್ದರು.