ಭಾರತದಲ್ಲಿ ರಾಷ್ಟ್ರೀಯತೆಯ ಉದಯ

ಬ್ರಿಟಿಷ್ ಆಳ್ವಿಕೆಯಲ್ಲಿ ಪ್ರಾಂತ, ಭಾಷೆ, ಮತಗಳ ಭೇದ ಮೀರಿ ಭಾರತೀಯರು ತಾವೆಲ್ಲ ಒಂದು ರಾಷ್ಟ್ರದವರೆಂದು ಭಾವಿಸಿ ಸಂಘಟಿತರಾದ ಬೆಳವಣಿಗೆ. 1870ರ ದಶಕದಲ್ಲಿ ಸ್ಪಷ್ಟ ರೂಪ ಪಡೆದು 1920ರ ಹೊತ್ತಿಗೆ ಜನಸಾಮಾನ್ಯರ ಚಳವಳಿಯಾಗಿ ಹರಡಿತು.

ಹಿನ್ನೆಲೆ: ಆಡಳಿತದ ಅನುಕೂಲಕ್ಕಾಗಿ ಬ್ರಿಟಿಷರು ತಂದ ರೈಲು, ಅಂಚೆ, ತಂತಿಗಳು ದೂರದ ಪ್ರಾಂತಗಳನ್ನು ಹತ್ತಿರ ತಂದವು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಂದ ಹೊರಬಂದ ವಕೀಲರು, ಶಿಕ್ಷಕರು, ಪತ್ರಕರ್ತರು ಇಂಗ್ಲಿಷಿನಲ್ಲಿ ಪರಸ್ಪರ ವ್ಯವಹರಿಸಬಲ್ಲವರಾದರು. ಆದರೆ ಓದಿಗೆ ತಕ್ಕ ಅಧಿಕಾರ ಇವರಿಗೆ ಸಿಗಲಿಲ್ಲ. ಉನ್ನತ ಆಡಳಿತ ಹುದ್ದೆಗಳಿಗೆ ಆಯ್ಕೆ ಮಾಡುವ ಐಸಿಎಸ್ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಅಭ್ಯರ್ಥಿಗಳ ವಯೋಮಿತಿಯನ್ನು 21ರಿಂದ 19ಕ್ಕೆ ಇಳಿಸಿದಾಗ ಸುರೇಂದ್ರನಾಥ ಬ್ಯಾನರ್ಜಿ 1877ರಲ್ಲಿ ಉತ್ತರ ಭಾರತದ ನಗರಗಳಲ್ಲಿ ಸಂಚರಿಸಿ ವಿರೋಧ ಸಂಘಟಿಸಿದರು.

ಆರ್ಥಿಕ ವಿಮರ್ಶೆ: ದೇಶದ ಬಡತನಕ್ಕೆ ಆಳ್ವಿಕೆಯೇ ಕಾರಣವೆಂದು ಲೆಕ್ಕವಿಟ್ಟು ವಾದಿಸಿದವರು ದಾದಾಭಾಯಿ ನವರೋಜಿ. ಅಧಿಕಾರಿಗಳ ಸಂಬಳ, ಪಿಂಚಣಿ, ಸಾಲದ ಬಡ್ಡಿಗಳ ರೂಪದಲ್ಲಿ ಸಂಪತ್ತು ಬ್ರಿಟನ್ನಿಗೆ ಸೋರಿಹೋಗುತ್ತಿದೆ ಎಂದು ಅವರು ತೋರಿಸಿದರು. ಭಾರತೀಯನ ತಲಾ ವಾರ್ಷಿಕ ಆದಾಯವನ್ನು 20 ರೂಪಾಯಿ ಎಂದು ಅಂದಾಜಿಸಿದರು. ಪಂಜಾಬಿನ ರೈತನಿರಲಿ, ಬಂಗಾಳದ ನೇಕಾರನಿರಲಿ, ಎಲ್ಲರ ಕಷ್ಟವನ್ನೂ ಒಂದೇ ಕಾರಣಕ್ಕೆ ಜೋಡಿಸಿದ್ದು ಈ ವಾದದ ಬಲ. 1876-78ರ ಭೀಕರ ಕ್ಷಾಮದ ನಡುವೆಯೇ ದೆಹಲಿಯಲ್ಲಿ ವೈಭವದ ದರ್ಬಾರು ನಡೆದದ್ದು ಅಸಮಾಧಾನ ಹೆಚ್ಚಿಸಿತು.

ಸಂಘಟನೆ: ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಲು ವೈಸರಾಯ್ ಲಿಟ್ಟನ್ 1878ರಲ್ಲಿ ಕಾಯಿದೆ ತಂದ. ಭಾರತೀಯ ನ್ಯಾಯಾಧೀಶರು ಯುರೋಪಿಯನ್ನರನ್ನು ವಿಚಾರಣೆ ಮಾಡಬಹುದೆಂಬ ಇಲ್ಬರ್ಟ್ ಮಸೂದೆ (1883) ಬಿಳಿಯರ ಪ್ರತಿಭಟನೆಗೆ ಮಣಿದು ಸಡಿಲವಾಯಿತು. ಸಂಘಟಿತ ಒತ್ತಡದ ಪಾಠವನ್ನು ಭಾರತೀಯರು ಇದರಿಂದ ಕಲಿತರು. 1885ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ 72 ಪ್ರತಿನಿಧಿಗಳೊಂದಿಗೆ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಿತು.

ಜನಚಳವಳಿ: ಕಾಂಗ್ರೆಸ್ಸಿನ ಮನವಿಗಳಿಗೆ ಫಲ ಸಿಗದಿದ್ದಾಗ ಹಾದಿ ಬದಲಾಯಿತು. 1905ರ ಬಂಗಾಳ ವಿಭಜನೆಯ (ವಂಗಭಂಗ) ವಿರುದ್ಧ ಎದ್ದ ಸ್ವದೇಶಿ ಚಳವಳಿ ವಿದೇಶಿ ಬಟ್ಟೆಯ ಬಹಿಷ್ಕಾರದ ಮೂಲಕ ರಾಜಕೀಯವನ್ನು ಅಂಗಡಿ, ಮನೆಗಳೊಳಕ್ಕೆ ತಂದಿತು. 1911ರಲ್ಲಿ ವಿಭಜನೆ ರದ್ದಾಯಿತು. ಬಾಲಗಂಗಾಧರ ತಿಲಕರು 1916ರಲ್ಲಿ ಬೆಳಗಾವಿಯಲ್ಲಿ ಸ್ವಯಮಾಡಳಿತ ಬೇಡುವ ಹೋಂರೂಲ್ ಲೀಗ್ ಆರಂಭಿಸಿದರು. 1920ರಲ್ಲಿ ಗಾಂಧೀಜಿಯ ನೇತೃತ್ವದಲ್ಲಿ ಅಸಹಕಾರ ಚಳವಳಿ ಹಳ್ಳಿಗಳನ್ನೂ ಮುಟ್ಟಿತು. ಅದೇ ವರ್ಷ ಕಾಂಗ್ರೆಸ್ಸಿನ ನಾಗಪುರ ಅಧಿವೇಶನ ಪ್ರಾಂತೀಯ ಸಮಿತಿಗಳನ್ನು ಭಾಷಾವಾರು ರಚಿಸಲು ಒಪ್ಪಿದ್ದರಿಂದ, ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ಕರ್ನಾಟಕದ ಹೆಸರಿನಲ್ಲೇ ಒಂದು ಸಮಿತಿ ದೊರೆತು, ಸ್ವಾತಂತ್ರ್ಯ ಹೋರಾಟವೂ ಏಕೀಕರಣದ ಬೇಡಿಕೆಯೂ ಜೊತೆಯಾಗಿ ಬೆಳೆದವು.