ಬಳಕೆದಾರ ಅನುಭವ ಪರೀಕ್ಷೆಯ ವರ್ಚುವಲ್ ಲ್ಯಾಬ್

ಒಂದೇ ತಂತ್ರಾಂಶ ಬೇರೆ ಬೇರೆ ಕಂಪ್ಯೂಟರ್, ಬ್ರೌಸರ್ ಮತ್ತು ಫೋನುಗಳಲ್ಲಿ ಹೇಗೆ ಕಾಣುತ್ತದೆ, ಬಳಸುವವರಿಗೆ ಎಷ್ಟು ಸಲೀಸಾಗಿದೆ ಎಂಬುದನ್ನು ಅಷ್ಟೂ ಉಪಕರಣಗಳನ್ನು ಕೊಳ್ಳದೆ ಪರೀಕ್ಷಿಸುವ ಏರ್ಪಾಡು. ವರ್ಚುವಲ್ ಯಂತ್ರ, ಫೋನನ್ನು ಅನುಕರಿಸುವ ಎಮ್ಯುಲೇಟರ್, ಅಂತರ್ಜಾಲದ ಮೂಲಕ ನಡೆಸಬಹುದಾದ ನಿಜವಾದ ಫೋನುಗಳು ಇದರ ಮುಖ್ಯ ಅಂಗಗಳು. ಕನ್ನಡದಂತಹ ಲಿಪಿಗಳಿಗೆ ಈ ಪರೀಕ್ಷೆ ತೀರ ಅಗತ್ಯ.

ಹುಟ್ಟು ಮತ್ತು ಬೆಳವಣಿಗೆ

ಒಂದು ಯಂತ್ರದೊಳಗೆ ಹಲವು ಯಂತ್ರಗಳನ್ನು ನಡೆಸುವ ವಿದ್ಯೆ 1960ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ರೂಪುಗೊಂಡಿತು. 1972ರ ವಿಎಂ/370 ಅದನ್ನು ದೊಡ್ಡ ಕಂಪ್ಯೂಟರುಗಳಲ್ಲಿ ನೆಲೆಗೊಳಿಸಿತು. 1999ರಲ್ಲಿ ಬಂದ ವಿಎಂವೇರ್ ವರ್ಕ್‌ಸ್ಟೇಷನ್ ಅದೇ ಸೌಲಭ್ಯವನ್ನು ಮೇಜಿನ ಮೇಲಿನ ಕಂಪ್ಯೂಟರಿಗೆ ತಂದಿತು. 2004ರಲ್ಲಿ ಜೇಸನ್ ಹಗ್ಗಿನ್ಸ್ ಆರಂಭಿಸಿದ ಸೆಲೆನಿಯಮ್, ಬ್ರೌಸರಿನಲ್ಲಿ ಮಾಡುವ ಕ್ಲಿಕ್ಕು, ಟೈಪುಗಳನ್ನು ತಾನಾಗಿಯೇ ನಡೆಸಿ ನೋಡುವ ದಾರಿ ತೋರಿಸಿತು. 2011ರಲ್ಲಿ ಮುಂಬೈಯಲ್ಲಿ ಹುಟ್ಟಿದ ಬ್ರೌಸರ್‌ಸ್ಟ್ಯಾಕ್, ನೂರಾರು ಬಗೆಯ ಬ್ರೌಸರ್ ಮತ್ತು ಫೋನುಗಳನ್ನು ಬಾಡಿಗೆಗೆ ಒದಗಿಸುವುದನ್ನೇ ಉದ್ಯಮವಾಗಿ ಬೆಳೆಸಿತು. 2020ರ ಕೋವಿಡ್ ನಂತರ ಬಳಕೆದಾರರನ್ನು ದೂರದಿಂದಲೇ ಗಮನಿಸುವ ಕ್ರಮ ಹೆಚ್ಚು ರೂಢಿಗೆ ಬಂತು.

ಕನ್ನಡದ ಹಾದಿ

1998ರ ಬರಹ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವು ಕನ್ನಡಿಗರ ಕೈಗೆ ಕೀಲಿಮಣೆ ಕೊಟ್ಟವು. ಆದರೆ ಆ ಕಾಲದ ಕಡತವನ್ನು ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತಿದ್ದವು. 1991ರಲ್ಲೇ, ವಿವಿಧ ಲಿಪಿಗಳಿಗೆ ಏಕರೂಪ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ವಿಂಡೋಸ್‌ಗೆ ಅದು 2001ರ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟ್ ಮೂಲಕ ಬಂತು. ಆಂಡ್ರಾಯ್ಡ್ ಕನ್ನಡವನ್ನು ಸೇರಿಸಿಕೊಂಡದ್ದು 2012ರ 4.1ನೇ ಆವೃತ್ತಿಯಲ್ಲಿ. ಹೀಗೆ ಒಂದು ದಶಕಕ್ಕೂ ಹೆಚ್ಚು ಕಾಲ, ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಕನ್ನಡ ಫೋನಿನಲ್ಲೂ ಕಾಣುತ್ತದೆಂಬ ಭರವಸೆ ಇರಲಿಲ್ಲ.

ಇದೇ ಅವಧಿಯಲ್ಲಿ ಕಂದಾಯ ಇಲಾಖೆಗಾಗಿ ಕೇಂದ್ರ ಸರ್ಕಾರದ ಗಣಕ ಸಂಸ್ಥೆಯಾದ ಎನ್‌ಐಸಿ ಸಿದ್ಧಪಡಿಸಿದ, ಜಮೀನಿನ ದಾಖಲೆಗಳನ್ನು ಗಣಕೀಕರಿಸುವ ಭೂಮಿ ಯೋಜನೆ ರಾಜ್ಯದ 177 ತಾಲ್ಲೂಕುಗಳನ್ನು ತಲುಪಿತು. ಈಗ ವಿಜಯನಗರ ಜಿಲ್ಲೆಯಲ್ಲಿರುವ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯ ರೈತರು ತಾಲ್ಲೂಕು ಕಚೇರಿಯಲ್ಲೇ 15 ರೂಪಾಯಿಗೆ ಮುದ್ರಿತ ಪಹಣಿ ಪಡೆಯುವಂತಾಯಿತು. ಭೂಮಿ ಕೇಂದ್ರಗಳಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೂ ಇತ್ತು: ಸಿಬ್ಬಂದಿ ಏನು ಟೈಪು ಮಾಡುತ್ತಿದ್ದಾರೆಂದು ಅರ್ಜಿದಾರರೇ ನೋಡಬಹುದಿತ್ತು. ಬಳಕೆದಾರನನ್ನು ಮುಂದಿಟ್ಟುಕೊಂಡ ವಿನ್ಯಾಸಕ್ಕೆ ಕರ್ನಾಟಕದ ಆಡಳಿತದಲ್ಲಿ ಇದು ಒಳ್ಳೆಯ ಮಾದರಿ.

ಊರ ಹೆಸರುಗಳೇ ಪರೀಕ್ಷೆ

ಕೂಡ್ಲಿಗಿ ಸುತ್ತಿನ ಊರುಗಳ ಹೆಸರನ್ನು ಬರೆದು ನೋಡಿದರೇ ಲಿಪಿಯ ಹಲವು ತೊಡಕುಗಳು ಬಯಲಾಗುತ್ತವೆ. ‘ಕೂಡ್ಲಿಗಿ’ಯ ‘ಡ್ಲಿ’ ಕಂಪ್ಯೂಟರಿನ ಸ್ಮೃತಿಯಲ್ಲಿ ಡ, ಹಲಂತ ಚಿಹ್ನೆ (್), ಲ, ಗುಡಿಸು ಎಂಬ ಕ್ರಮದಲ್ಲಿರುತ್ತದೆ. ಪರದೆಯ ಮೇಲೆ ಮಾತ್ರ ಗುಡಿಸು ಹಿಂದಕ್ಕೆ ಹೋಗಿ ಡಕಾರಕ್ಕೆ ಸೇರಬೇಕು, ಲಕಾರ ಒತ್ತಾಗಿ ಕೆಳಗಿಳಿಯಬೇಕು. ‘ಕೊಟ್ಟೂರು’ ಪದದ ಒಕಾರವನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಉಳಿಸಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ತಂತ್ರಾಂಶ ಅವನ್ನು ಸಮೀಕರಿಸದಿದ್ದರೆ ಹುಡುಕಾಟದಲ್ಲಿ ಊರೇ ಸಿಗುವುದಿಲ್ಲ. ‘ಹಗರಿಬೊಮ್ಮನಹಳ್ಳಿ’ಯಂತಹ ಉದ್ದ ಹೆಸರು ಸಣ್ಣ ಪರದೆಯ ಗುಂಡಿಯಲ್ಲಿ ತುಂಡಾಗುತ್ತದೆ, ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ.

ಆಡಳಿತದ ಬದಲಾವಣೆಗಳೂ ಪರೀಕ್ಷೆಗೆ ಒಳಪಡಬೇಕು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಕೂಡ್ಲಿಗಿಗೆ ಸೇರಿದ್ದ ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಯಿತು. ಅರ್ಜಿಯ ಪಟ್ಟಿಯಲ್ಲಿ ಹಳೆಯ ಜಿಲ್ಲೆ ಉಳಿದರೆ ಅರ್ಜಿದಾರ ತನ್ನ ಊರನ್ನು ಹುಡುಕುತ್ತಲೇ ಕೂರಬೇಕಾಗುತ್ತದೆ.

ಸ್ಥಾಪನೆಯ ಕ್ರಮ

ಮೊದಲು ಜನ ನಿಜವಾಗಿ ಬಳಸುವ ಉಪಕರಣಗಳ ಪಟ್ಟಿ ಮಾಡಬೇಕು: ಸೇವಾ ಕೇಂದ್ರದ ಹಳೆಯ ವಿಂಡೋಸ್, ಅಗ್ಗದ ಆಂಡ್ರಾಯ್ಡ್ ಫೋನ್, ಐಫೋನ್. ಪ್ರತಿಯೊಂದಕ್ಕೂ ವರ್ಚುವಲ್ ಯಂತ್ರ, ಎಮ್ಯುಲೇಟರ್ ಅಥವಾ ದೂರದಿಂದ ನಡೆಸುವ ನಿಜವಾದ ಫೋನ್ ಸಿದ್ಧಪಡಿಸಿ, ಹಿಂದಿನ ಮತ್ತು ಹೊಸ ಪರದೆಚಿತ್ರಗಳನ್ನು ಹೋಲಿಸಬೇಕು. ಅಂತರ್ಜಾಲದ ವೇಗವನ್ನು ಬೇಕೆಂದೇ ತಗ್ಗಿಸಿ ನೋಡಬೇಕು. ಪರೀಕ್ಷೆಗೆ ನಿಜವಾದ ರೈತರ ಪಹಣಿ, ಆಧಾರ್ ವಿವರ ಬಳಸಬಾರದು. ಕೃತಕ ದಾಖಲೆಗಳೇ ಸಾಕು. ಬಳಕೆದಾರರ ಪರದೆಯನ್ನು ದಾಖಲಿಸುವಾಗ ಅವರ ಒಪ್ಪಿಗೆ ಕಡ್ಡಾಯ.

ಮಿತಿ

ಬಿಸಿಲಲ್ಲಿ ಮಂಕಾಗುವ ಪರದೆ, ಒಡೆದ ಗಾಜು, ಓದಲು ಬಾರದವರ ಅಂಜಿಕೆ ಇವು ಎಮ್ಯುಲೇಟರಿನಲ್ಲಿ ಕಾಣವು. ಅಕ್ಷರ ಸರಿಯಿದೆಯೇ ಎಂದು ವರ್ಚುವಲ್ ಲ್ಯಾಬ್ ಹೇಳೀತು, ಅರ್ಜಿ ಅರ್ಥವಾಯಿತೇ ಎಂದು ಬಳಸಿದವರೇ ಹೇಳಬೇಕು. ಆದ್ದರಿಂದ ಕನ್ನಡದ ಸಾರ್ವಜನಿಕ ಸೇವೆ ರೂಪಿಸುವವರು ಲ್ಯಾಬಿನ ಪರೀಕ್ಷೆ ಮುಗಿಸಿದ ಮೇಲೆ ಕೂಡ್ಲಿಗಿ, ಹೂವಿನಹಡಗಲಿಯಂತಹ ಊರುಗಳ ಸೇವಾ ಕೇಂದ್ರಗಳಲ್ಲಿ ಜನರ ಕೈಗೇ ಅದನ್ನು ಕೊಟ್ಟು ನೋಡಿ, ಅನಂತರವೇ ಬಿಡುಗಡೆ ಮಾಡಬೇಕು.